ಆರಾಮ ಅನ್ನೂ ಮಾತು

ಮಾರ್ಚ್ 4, ಮಂಗಳವಾರ. ಹಾನಗಲ್ಲ

ಕಿಟಕಿ ತೆಗದ್ರ ಆನೆಕೆರಿ ಕಾಣೂ ಖೋಲಿ ಸಿಕ್ತು. ಒಳಗ ಒಂದ ಕಾಟು, ಒಂದ ಗ್ಯಾಸಿನ ಒಲಿ, ಗ್ವಾಡಿ ಮ್ಯಾಲೆ ಯಾರೋ ಬಿಟ್ಟು ಹೋದ ಹಳೇ ಕ್ಯಾಲೆಂಡರು. ನನಗ ಇಷ್ಟ ಸಾಕು. ನಮ್ಮವ್ರು ಹಿರೇಕೆರೂರಾಗ ಹಿಟ್ಟಿನ ಗಿರಣಿ ಬಿಟ್ಟು ಬರೂ ಹಂಗಿಲ್ಲ, ನಾ ಈ ಕೆಲಸ ಬಿಡೂ ಹಂಗಿಲ್ಲ. ಮಾತಾಡಾಕ ಯಾರರೆ ಬೇಕಲ್ಲ, ಅದಕ್ಕ ಈ ದಿನಚರಿ. ಯಾರೂ ಓದೂದಿಲ್ಲ ಅಂದಮ್ಯಾಲೆ ನಮ್ಮ ಮನಿ ಮಾತಿನ್ಯಾಗ ಬರಿಯಾಕಿ.

ಕೆಲಸ ಏನಂದ್ರ, ಸಕ್ರಿ ಬ್ಯಾನಿ, ಬಿಪಿ ಇದ್ದವ್ರು ದವಾಖಾನಿಗೆ ಬಂದು, ಗುಳಿಗಿ ತುಗೊಂಡು, ಆಮ್ಯಾಲೆ ಯಾಕ ನಡುವ ಬಿಟ್ಟಬಿಡತಾರ ಅಂತ ತಿಳಕೊಳ್ಳೂದು. ತಿಳಕೊಂಡು, ಅವರನ್ನ ನೋಡಿಕೊಳ್ಳೂ ರೀತಿ ಸುಧಾರಿಸೂದು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ನಾಕೂ ತಾಲೂಕು ತಿರಗಬೇಕು. ಅಧ್ಯಯನ ನಡಸೂ ಡಾಕ್ಟರ್ ಸುಮೇಧಾ ಮೇಡಂ ಸವಣೂರಿನವರು. ಜೀಪ್ ಹೊಡಿಯೂ ಶಾಹಬಾಜನೂ ಸವಣೂರಾಂವನ. ಮೇಡಂ ಮಾತು ಕಮ್ಮಿ. ಅವರ ಪಾಲಿಂದೂ ಶಾಹಬಾಜನ ಆಡತಾನ.

ಈ ಕೆಲಸ ಯಾಕ ಹಿಡದಿ ಅಂತ ಮೇಡಂ ಕೇಳಿದ್ರು. ನಮ್ಮಪ್ಪ ಶಿದ್ಲಿಂಗಪ್ಪ ಇದ ಬ್ಯಾನ್ಯಾಗ ಕಾಲು ಕಳಕೊಂಡ, ಆಮ್ಯಾಲೆ ತಾನೂ ಉಳೀಲಿಲ್ಲ ಅಂದೆ. “ಹಂಗಾದ್ರ ನೀ ಟೆಸ್ಟ್ ಮಾಡಿಸ್ಕೊಂಡೀಯೇನು?” ಅಂದ್ರು. ನಗು ಬಂತು ನನಗ. ಮೂಗು, ಕೂದಲ, ಸಿಟ್ಟು ಎಲ್ಲಾ ನಮ್ಮವ್ವಂದ. ಅಪ್ಪಂದು ನನ್ನ ಕಡೆ ಏನೂ ಬಂದಿಲ್ಲ ಬಿಡ್ರಿ ಅಂದೆ.

ಇವತ್ತ ಮೊದಲನೇ ಮನಿ, ಆಡೂರಾಗ. ಅನ್ನವ್ವ ಅಂತ ಆಯಿ, ಸೊಸಿ ಜಯಾನ ಕೂಡ ಇರ್ತಾಳ. ಶಾವಿಗಿ ಹೊಸಿಯೂದ್ರಾಗ ಆ ಸೀಮಿಗೇ ಹೆಸರಾದಾಕಿ. ಬ್ಯಾಸಗಿ ಬಂದ್ರ ಮನಿ ಮನಿ ತಿರಗಿ ಶಾವಿಗಿ ಮಾಡಿಕೊಟ್ಟು ಬರ್ತಾಳ. ಅಂಗಳದಾಗ ಕೋಲಿನ ಮ್ಯಾಲೆ ಎಳಿ ಎಳಿ ಒಣಗಾಕ ಹಾಕಿದ್ಲು. ಅದರ ಹಿಂದ ಬಿಸಲು, ಬಿಸಲಾಗ ಆಕಿ. ನೋಡಕೋತ ನಿಂತೆ, ಬಂದ ಕೆಲಸನ ಮರತೆ.

ಬೆರಳು ಚುಚ್ಚಿ ರಕ್ತ ನೋಡಿದೆ, ಮಿಷನ್ ಒಳಗ ಸಕ್ರಿ ಚಲೋ ಬಂತು. ಆಯಿ ಬರೇ ನನ್ನ ಮಾರಿ ನೋಡಾಕತ್ತಿದ್ಲು. “ಎಲ್ಲಾ ಆರಾಮ ಐತ್ರಿ ಆಯಿ” ಅಂದೆ. ಎರಡೂ ಕೈ ಎತ್ತಿ ಮುಗದು, ಮಜ್ಜಿಗಿ ಕೊಟ್ಟು ಕಳಿಸಿದ್ಲು.

ಸಂಜಿಕ ನಮ್ಮವ್ರ ಫೋನು. ಹಿಂದ ಗಿರಣಿ ಗಡಗಡ.

“ಆರಾಮೇನ?”

“ಆರಾಮ್ರಿ.”

“ಉಂಡಿ?”

“ಇನ್ನ ಉಣ್ಣಾಕಿ.”

“ಫೋನ್ ಇಡಲಿ ಹಂಗಾರ?”

“ಇಡ್ರಿ.”

ಇಷ್ಟ ನಮ್ಮ ಸಂಸಾರ. ಒಟ್ಟ ಎಲ್ಲಾ ಆರಾಮ.

ಮಾರ್ಚ್ 12, ಬುಧವಾರ

ಬ್ಯಾಸಗಿ ಈ ಸಲ ಲಗೂನ ಬಂತು. ತಂಬಿಗಿ ಮ್ಯಾಲೆ ತಂಬಿಗಿ ನೀರು ಕುಡದ್ರೂ ನಾಲಗಿ ಒಣಗೇ ಇರತೈತಿ. ಮಧ್ಯಾಹ್ನ ಜ್ವಂಪು ಹತ್ತಿದಾಗ ಕನಸು. ಕೆರಿ ಎದ್ದು ಕಿಟಕಿ ದಾಟಿ ಖೋಲಿಯೊಳಗ ಬಂತು. ನಾ ಹೆದರಲಿಲ್ಲ. ಬಾ ಅಂದೆ, ಬಂದು ಕಾಟಿನ ಕೆಳಗ ಕುಂತಿತು. ಬಗ್ಗಿ ಕುಡದೆ. ಎಷ್ಟು ಕುಡದ್ರೂ ತೀರವಲ್ದು, ಎಂಥಾ ಸುಖ!

ಎದ್ದಮ್ಯಾಲೆ ಮತ್ತ ಬಾಯಿ ಒಣಾ.

ಮಾರ್ಚ್ 18, ಮಂಗಳವಾರ. ಸವಣೂರು

ವೀಳ್ಯದೆಲಿ ತ್ವಾಟದಾಗ ಹ್ವಾದ್ರ ಹೊರಗಿನ ಬಿಸಲು ಯಾವ ಊರಿಂದೋ ಅನಸತೈತಿ. ಬಳ್ಳಿ ಸಾಲಿನ ನಡುವ ಹಸರ ನೆಳ್ಳು, ಕಾಲಾಗ ತಣ್ಣನ್ನ ಮಣ್ಣು. ಗುತ್ತೆಪ್ಪ ಅನ್ನೂ ಮುದುಕ ಹೊರಸಿನ ಮ್ಯಾಲೆ ಮಲಗಿದ್ದ. ಸಕ್ರಿ ಬ್ಯಾನಿ ಅಂವನ ಎರಡೂ ಕಣ್ಣು ತಿಂದೈತಿ. ಬಳ್ಳಿ ಮುಟ್ಟಿ ಎಲಿ ಬಲತದ್ದು ಹೇಳತಾನಂತ.

“ಆರಾಮ ಅದೀರಿ?” ಅಂತ ಕೇಳಿದೆ. ನಮ್ಮ ಪ್ರಶ್ನಾವಳಿ ಒಳಗ ಮೊದಲನೇದ್ದ ಅದು.

“ಆರಾಮ ನೋಡ್ರಿ. ದೇವರ ದಯಾ. ನೀವು ಆರಾಮ?”

“ಆರಾಮ್ರಿ.”

ಬರಕೊಂಡೆ. ಕಣ್ಣಿಲ್ಲ, ಆರಾಮ.

ಆಮ್ಯಾಲೆ ಶಾಹಬಾಜ ತನ್ನ ಕಾಕಾನ ಅಂಗಡಿ ಕುರುಕುಲು ಖಾರಾ ಕೊಡಿಸಿದ. ಖಾರಾ ಒಂದ ಮುಟಗಿ, ನೀರು ಒಂದ ಕೊಡ. “ಅಕ್ಕಾರ, ನೀವು ಸವಣೂರಿಗೆ ಖಾರಾ ತಿನ್ನಾಕ ಬಂದೀರೋ, ಬಾವಿ ಬತ್ತಿಸಾಕ ಬಂದೀರೋ?” ಅಂದ. ಅಂಗಡ್ಯಾಗಿದ್ದವ್ರೆಲ್ಲಾ ನಕ್ರು. ನಾನೂ ನಕ್ಕೆ.

ಊರಿನ ಮಠದ ಹಿಂದ ದೊಡ್ಡ ಹುಣಸಿ ಅಂತ ಕರಿಯೂ ಆಫ್ರಿಕಾದ ಮರ ಐತಿ, ಅದನ್ನ ನೋಡಾಕ ಹೋದ್ವಿ. ಹತ್ತು ಮಂದಿ ತೆಕ್ಕಿ ಹಾಯ್ದ್ರೂ ಸಾಲೂದಿಲ್ಲ, ಅಂಥಾ ಬೊಡ್ಡಿ. ಅದಕ್ಕ ಬೆನ್ನ ಹಚ್ಚಿ ಕುಂತಿದ್ದೊಂದ ಗೊತ್ತು, ಕಣ್ಣ ತೆರದಾಗ ಬಿಸಲು ಮರದ ಆಕಡೆ ಹೋಗಿತ್ತು. ನಾ ಯಾರು, ಯಾವ ಊರಾಗ ಅದೇನಿ, ಏನೂ ತಿಳೀಲಿಲ್ಲ. ಅಂಜಿಕಿ ಅನಸಲಿಲ್ಲ. ಮರದ ಹೊಟ್ಯಾಗ ಯಾರೋ ನನ್ನ ಇಟ್ಟು, ಮೆಲ್ಲಕ ತೂಗಿದಂಗ ಇತ್ತು. ಇತ್ತೀಚಿಗೆ ನನಗ ಕನಸು ಬೀಳಾಕ ನಿದ್ದಿನ ಬೇಕಂತಿಲ್ಲ. ಹಗಲಿನ ಅಂಚು ಮೆತ್ತಗಾಗೈತಿ.

ಮಾರ್ಚ್ 30, ರವಿವಾರ. ಹಿರೇಕೆರೂರು, ಯುಗಾದಿ

ಎಣ್ಣಿ ನೀರು ಹಾಕ್ಕೊಳ್ಳೂ ಮುಂದ ಬಳಿ ತಾವ ಜಾರಿ ಬಚ್ಚಲದಾಗ ಬಿದ್ವು. ಹೋದ ವರ್ಷ ಸಾಬಾಣ ಹಚ್ಚಿ ಏರಿಸಿಕೊಂಡ ಬಳಿ! ಅತ್ತಿ ಉಡಚವ್ವ ನನ್ನ ರಟ್ಟಿ ಹಿಡದು, “ಹಾನಗಲ್ಲದಾಗ ಕೂಳಿಗೆ ಬರಾ ಬಂದೈತೇನ?” ಅಂದ್ಲು. ಓಣಿ ಹೆಣಮಕ್ಕಳು ಬ್ಯಾರೆ ಮಾತು. “ಎಷ್ಟ ಸಣ್ಣಾಗೀ ಸವಿತಾ, ಏನ ಮಾಡಿದಿ, ನಮಗೂ ಹೇಳ.” ತಿರಗಾಟ ಅಂದೆ. ಮನಸಿನ್ಯಾಗ ಹಿಗ್ಗಿದೆ, ಸುಳ್ಳ ಯಾಕ ಹೇಳ್ಲಿ. ಜಂಪರಿಗೆ ಎರಡೂ ಕಡೆ ಹೊಲಿಗಿ ಹಾಕಿಸಬೇಕು.

ಹೋಳಿಗಿ ಭಾಳ ತಿಂದೆ. ಹಸಿವು ಹೋಗೂದ ಇಲ್ಲ ಈಗ.

ಹಬ್ಬದ ದಿನಾನೂ ನಮ್ಮವ್ರು ಸಂಜಿಕ ಗಿರಣಿ ತೆಗದ್ರು. ಒಂದ ಸಲ ಚಾಲೂ ಮಾಡಿದ್ರ ನಡುವ ನಿಂದ್ರಸೂ ಮನಷ್ಯಾ ಅಲ್ಲ. ಕಲ್ಲಿನ್ಯಾಗ ಕಾಳು ಸಿಗಬೀಳತೈತಿ, ಡಬ್ಬಿ ಹಿಡಕೊಂಡು ನಿಂತವ್ರು ಬೈತಾರ ಅಂತ. ಮದವ್ಯಾಗಿ ಇಷ್ಟ ದಿನಾ ಆತು, ಭೂಕಂಪ ಆದ್ರೂ ಗಾಲಿ ಪಟ್ಟಾ ಬಿಚ್ಚಿ ಗಿರಣಿ ನಿಂದ್ರಿಸಿದ್ದು ನಾ ನೋಡಿಲ್ಲ. ನಾ ಕಟ್ಟಿ ಮ್ಯಾಲೆ ಕುಂತೆ. ಹಿಟ್ಟಿನ ಧೂಳಾಗ ಅವರು ಒಮ್ಮೆ ಕಾಣತಾರ, ಒಮ್ಮೆ ಮಾಯ ಆಗತಾರ. ನನ್ನ ಕಣ್ಣಿಗೂ ಈಗ ಎಲ್ಲಾ ಹಂಗ, ಅಂಚಿಗೊಂದು ಬೆಳ್ಳನ್ನ ಬೆಳಕು ಹೊತ್ಕೊಂಡ ಇರತೈತಿ. ಚಂದ ಕಾಣಸ್ತೈತಿ.

“ಖರೇ ಹೇಳ, ಆರಾಮ ಅದೀ?” ಅಂತ ಒದರಿ ಕೇಳಿದ್ರು.

“ಆರಾಮ್ರೀ” ಅಂತ ನಾನೂ ಒದರಿದೆ. ಆ ಸಪ್ಪಳದಾಗ ನನ್ನ ಮಾತು ಅರ್ಧ ಕೇಳಿರಬೇಕು, ಅರ್ಧ ತಾವ ತುಂಬಿಕೊಂಡ್ರು.

ಏಪ್ರಿಲ್ 3, ಗುರುವಾರ

ಕಾಲು ಜೋಮು. ಬಸ್ಸಿನ್ಯಾಗ ಕುಂತು ಕುಂತು. ಮತ್ತೇನಿಲ್ಲ.

ಏಪ್ರಿಲ್ 8, ಮಂಗಳವಾರ. ಶಿಗ್ಗಾಂವಿ

ಆಫೀಸಿನ್ಯಾಗ ಮೇಡಂ ಎಲ್ಲಾ ಪ್ರಶ್ನಾವಳಿ ಮುಂದ ಹರವಿಕೊಂಡು ಹಣಿ ಹಿಡಕೊಂಡಿದ್ರು. “ಸವಿತಾ, ಮೊದಲನೇ ಪ್ರಶ್ನೆಗೆ ನಾಕೂ ತಾಲೂಕಿನ್ಯಾಗ ಒಬ್ಬರೂ ಇಲ್ಲ ಅಂದಿಲ್ಲ. ಎಲ್ಲಾರೂ ಆರಾಮ ಇದ್ದಮ್ಯಾಲೆ ನಾವ್ಯಾಕ ಇಲ್ಲಿ ಕೂತೀವಿ?”

“ಅದು ಪ್ರಶ್ನೆ ಅಲ್ರಿ ಮೇಡಂ. ಬಂದವ್ರು ಆರಾಮ ಅಂತಾರ, ಇದ್ದವ್ರು ಆರಾಮ ಅಂತಾರ. ಬಾಗಲದಾಗ ನಿಂತ ಮಂದಿಗೆ ಇಲ್ಲ ಅಂದ್ರ ಚಲೋನ ಇರೂದಿಲ್ಲಲ್ರಿ. ನೀವರೆ ಅಂತೀರೇನ?”

ಮೇಡಂ ನಕ್ರು. “ನಮ್ಮ ಗೋಪಿಕಾಬಾಯಿ ಕಾಕು ಎದಿ ನೋವಿಗೆ ದವಾಖಾನಿ ಸೇರಿದ್ರೂ ನೋಡ್ಲಿಕ್ಕೆ ಹೋದವ್ರಿಗೆಲ್ಲಾ ಆರಾಮ ಅಂತಿದ್ರು. ನನಗ ಇದು ತಿಳೀಬೇಕಿತ್ತು.”

ನಮ್ಮಪ್ಪನೂ ಅಷ್ಟ. ಕಾಲಬೆರಳು ಕರ್ರಗಾಗಿದ್ದು ಧೋತರದ ಕೆಳಗ ಮುಚ್ಚಿಕೊಂಡು ಆರಾಮ ಅದೇನವಾ ಅಂತಿದ್ದ. ಇದನ್ನ ಮೇಡಂಗ ಹೇಳಲಿಲ್ಲ.

ಆಮ್ಯಾಲೆ ಕಾಗದ ಎಣಿಸಾಕ ಕುಂತೆ. ಅಕ್ಷರ ಒಂದ ಕಡೆ ನಿಂದ್ರವಲ್ವು, ಕೆರ್ಯಾಗಿನ ಮರಿಮೀನು ಸರದಂಗ ಸರೀತಾವ. ಎಲ್ಲಿ ನೋಡಿದ್ರೂ ಆರಾಮ, ಆರಾಮ, ಆರಾಮ. ಯಾರೋ ಜೋಗುಳ ಹಾಡಿದಂಗ ಆತು. ಎಚ್ಚರಾದಾಗ ಬಾಟಲಿ ನೀರೆಲ್ಲಾ ಕಾಗದದ ಮ್ಯಾಲೆ ಚೆಲ್ಲಿತ್ತು. ಮೇಡಂ ಬೈಲಿಲ್ಲ. ನನ್ನ ನೋಡಿದ್ರು. “ನೀ ಆರಾಮ ಇದ್ದೀಯೇನು?”

ಆರಾಮ್ರಿ ಅಂದೆ. ಇಬ್ಬರೂ ಮತ್ತ ನಕ್ವಿ.

ಏಪ್ರಿಲ್ 15, ಮಂಗಳವಾರ. ಆಡೂರು

ಇವತ್ತಿನ ದಿನ ಬರಬಾರದಿತ್ತು.

ಎರಡನೇ ಭೇಟಿಗೆ ಅನ್ನವ್ವನ ಮನಿಗೆ ಹ್ವಾದೆ. ಅಂಗಳದಾಗ ಶಾವಿಗಿ ಇಲ್ಲ, ಕೋಲು ಖಾಲಿ. ಆಯಿ ಪಡಸಾಲ್ಯಾಗ ಕಾಲು ಚಾಚಿ ಕುಂತಿದ್ಲು. ಬಲಗಾಲಿನ ಹೆಬ್ಬಟ್ಟಿಗೆ ಅರಿಷಿಣದ ಅರಿವಿ. ಜಾಲಿಮುಳ್ಳು ಚುಚ್ಚಿದ್ದು ಗೊತ್ತ ಆಗಲಿಲ್ಲಂತ, ಸೊಸಿ ಜಯಾ ಹಾಸಗಿ ಮ್ಯಾಲೆ ಕೀವಿನ ಕಲಿ ನೋಡಿ ಹೇಳಿದ್ದು. ಅರಿವಿ ಬಿಚ್ಚಿದ ಕೂಡಲೇ ವಾಸನಿ. ನನಗ ಗೊತ್ತಿದ್ದ ವಾಸನಿ ಅದು, ಅಪ್ಪ ಇದ್ದಾಗ ನಮ್ಮ ಮನ್ಯಾಗ ಇದ್ದದ್ದು.

“ಗುಳಿಗಿ ತುಗೊಳ್ಳಾಕತ್ತೀರಿಲ್ಲೋ ಆಯಿ?”

“ಯಾವ ಗುಳಿಗಿ? ಬಿಟ್ಟೆನಲ್ಲ.”

“ಯಾಕ್ರಿ? ಯಾವಾಗ?”

“ನೀ ಬಂದು ಹ್ವಾದ ದಿನಾ. ಎಲ್ಲಾ ಆರಾಮ ಐತಿ ಅಂತ ನೀನ ಅಂದೆಲ್ಲವಾ ತಂಗಿ. ಆರಾಮ ಆದಮ್ಯಾಲೆ ಗುಳಿಗಿ ಯಾವಾಕಿ ನುಂಗತಾಳ? ಮಲ್ಲಯ್ಯಗ ಕಾಯಿ ಒಡಸಿದೆ ಆವತ್ತ.”

ನಮ್ಮ ಕಡೆ ಜ್ವರ ಬಿಟ್ರ ಆರಾಮ ಆತು ಅಂತೇವಿ. ಗಾಯ ಮಾಯ್ದ್ರ ಆರಾಮ ಆತು. ಮುಗೀತು ಅಂತ ಅದರ ಅರ್ಥ. ನಾ ಏನ ಅಂದೆ, ಆಕಿ ಏನ ಕೇಳಿದ್ಲು! ಗುಳಿಗಿಯಿಂದ ಸಕ್ರಿ ಇಳದೈತಿ, ಬಿಡಬ್ಯಾಡ್ರಿ ಅನ್ನೂದು ನನ್ನ ಬಾಯಾಗ ಬರಲಿಲ್ಲ, ಮಜ್ಜಿಗಿ ಕುಡದು ಎದ್ದು ಬಂದೆ.

ಮುದುಕಿ ಕಾಲು ಹೋದ್ರ ನನ್ನಿಂದ ಹೋತು.

ಏಪ್ರಿಲ್ 16, ಬುಧವಾರ

ಮೇಡಂ ಮುಂದ ಅತ್ತೆ. ನಡದದ್ದೆಲ್ಲಾ ಕೇಳಿಸಿಕೊಂಡ್ರು. “ಅಂದಾಕಿ ನೀ ಒಬ್ಬಾಕೇ ಅಲ್ಲ ಸವಿತಾ. ರಿಪೋರ್ಟ್ ಚಲೋ ಬಂದ್ರ ನಾನೂ ಆರಾಮ ಅದ ಅಂತೀನಿ, ದಿನಾ ಅಂತೀನಿ.” ಮಧ್ಯಾಹ್ನತನಕ ಇಬ್ಬರೂ ಗುಳಿಗಿ ಬಿಟ್ಟ ಮಂದಿಗೆ ಫೋನ್ ಹಚ್ಚಿದ್ವಿ. ಸವಣೂರಾಗ ಅದ ಮಾತು, ಹಿರೇಕೆರೂರಾಗ ಅದ ಮಾತು. ಡಾಕ್ಟರ್ರು ಆರಾಮ ಅಂದ್ರು, ಬಿಟ್ವಿ. ನಾವು ಹುಡಕಾಕ ಹೊಂಟಿದ್ದು ನಮ್ಮ ನಾಲಗಿ ಮ್ಯಾಲೇ ಕುಂತಿತ್ತು.

“ಆಕಿನ್ನ ಲಗೂ ಕರ್ಕೊಂಡ ಬಾ. ಈ ವಾರ ಬಂದ್ರ ಬೆರಳು ಹೋದ್ರೂ ಪಾದ ಉಳೀತದ. ತಡಾ ಆದ್ರ ನಾ ಹೇಳ್ಲಿಕ್ಕೆ ಬರೂದಿಲ್ಲ” ಅಂದ್ರು ಮೇಡಂ.

ಏಪ್ರಿಲ್ 19, ಶನಿವಾರ. ಆಡೂರು

ಆಯಿ ಒಪ್ಪವಲ್ಲಳು.

“ನಿನ್ನ ಮಾತ ಕೇಳಿ ಬಿಟ್ಟೆ. ಈಗ ನಿನ್ನ ಮಾತ ಕೇಳಿ ದವಾಖಾನಿಗೆ ಬರಬೇಕೇನ? ಆವತ್ತ ಆರಾಮ, ಇವತ್ತ ಕಾಲು ಹೋಗತೈತಿ ಅಂತಿ. ನಿನ್ನ ಮಿಷನ್ ಯಾವ ದಿನಾ ಖರೇ ಹೇಳತೈತಿ?”

“ಮಿಷನ್ ಖರೇನ ಐತ್ರಿ ಆಯಿ. ನಾ ಹೇಳಿದ್ದು ತಪ್ಪು.”

“ಹಂಗಾರ ತೋರಸು. ನೀ ಆರಾಮ ಅದೀಯಲ್ಲ, ಮೊದಲ ನಿನ್ನ ಬೆರಳ ಚುಚ್ಚಿಕೊ. ನಿನಗೂ ಆರಾಮ ತೋರಿಸ್ತಂದ್ರ ಮಿಷನ್ ಖರೇ. ಆವಾಗ ನೀ ಅಂದಲ್ಲಿ ಬರ್ತೇನಿ.”

ಜಯಾ ಬಾಗಲದಾಗ ನಿಂತು ನನ್ನ ಮಾರಿ ನೋಡಾಕತ್ಲು. ಎಷ್ಟ ಸಣ್ಣ ಕೆಲಸ. ದಿನಾ ಮಂದಿ ಬೆರಳು ಚುಚ್ಚಾಕಿ ನಾ. ಮಿಷನ್ನಿನ ರಕ್ತ ಹಚ್ಚೂ ಪಟ್ಟಿ ರೋಗಿಗಳಿಗಷ್ಟ ಐತ್ರಿ, ನಮಗ ಉಪಯೋಗಸೂ ಹಂಗಿಲ್ಲ ಅಂದೆ. ಈಗಷ್ಟ ಚಾ ಕುಡದೇನಿ, ತಪ್ಪ ತೋರಸತೈತಿ ಅಂದೆ. ಇನ್ನೂ ಏನೇನೋ ಅಂದೆ. ಚೀಲಾ ಎತ್ತಿಕೊಂಡು ಹೊರಗ ಬಂದಬಿಟ್ಟೆ.

ಯಾಕ ಹಂಗ ಮಾಡಿದೆ? ಜೀಪಿನ್ಯಾಗ ಕುಂತು ವಿಚಾರ ಮಾಡಿದೆ, ತಿಳೀಲಿಲ್ಲ. ಸೂಜಿ ಅಂಜಿಕಿ ಅಲ್ಲ. ಬಿಸಲಿಗೆ ತಲಿ ಕೆಟ್ಟಿರಬೇಕು. ಶಾಹಬಾಜ ನೀರಿನ ಬಾಟಲಿ ನನ್ನ ಕೈಯಾಗಿಟ್ಟ, ಅಷ್ಟ.

ಏಪ್ರಿಲ್ 22, ಮಂಗಳವಾರ. ಅಕ್ಕಿಆಲೂರು ಬಸ್ ಸ್ಟ್ಯಾಂಡು

ಆಡೂರಿಗೆ ಅಂತ ಹತ್ತಿದ ಬಸ್ಸು ಅಕ್ಕಿಆಲೂರಿಗೆ ಬಂತು. ಆಡೂರು, ಆಲೂರು, ಎರಡೂ ಒಂದ ಥರಾ ಅಕ್ಷರ. ಬೋರ್ಡು ಮಂಜಿನ್ಯಾಗಿದ್ದಂಗ ಕಂಡಿತು, ಹತ್ತಿಬಿಟ್ಟೆ. ವಾಪಸ್ ಬಸ್ಸಿಗೆ ಇನ್ನ ಹೊತ್ತೈತಿ. ಇಲ್ಲೇ ಬಾಕಿನ ಮ್ಯಾಲೆ ಕುಂತು ಬರಿಯಾಕತ್ತೇನಿ.

ರೈಸ್ ಮಿಲ್ಲಿನ ಕಡೆಯಿಂದ ತೌಡಿನ ಧೂಳು ತೇಲಿ ಬರಾಕತ್ತೈತಿ. ಬಿಸಲಿಗೆ ಬಂಗಾರದ್ದಾಗಿ ಕಾಣತೈತಿ. ಅದನ್ನ ನೋಡಕೋತ ಕುಂತಿದ್ದೆ. ಅದರಾಗಿಂದ ಅಪ್ಪ ನಡಕೊಂಡ ಬಂದ.

ಎರಡೂ ಕಾಲಿದ್ವು. ಧೋತರ ಮೊಣಕಾಲತನಾ ಎತ್ತಿಕೊಂಡಿದ್ದ, ಪಾದ ಹಸೀ ಆಗಿದ್ವು, ಎಲ್ಲೋ ಗದ್ದಿ ನೀರಾಗ ನಿಂತು ಬಂದಂಗ. ಹೆಜ್ಜಿ ಮೂಡಿದಲ್ಲೆಲ್ಲಾ ಬಸ್ ಸ್ಟ್ಯಾಂಡಿನ ನೆಲದಾಗ ನೀರು ನಿಂತಿತು. ಆ ನೀರು ಕುಡೀಲೇನಪಾ ಅಂತ ಕೇಳಬೇಕನಿಸ್ತು. ನನ್ನ ಬಾಜೂಕ ಕುಂತ. ಅಂವನ ಮೂಗು ನೋಡಿದೆ. ಅಯ್ಯ, ಅದು ನನ್ನ ಮೂಗ! ಇಷ್ಟ ವರ್ಷ ಅವ್ವಂದು ಅಂತ ತಿರಗಿದೆ.

“ಆರಾಮೇನವಾ?” ಅಂದ.

“ಆರಾಮ ಅದೇನಪಾ.”

ಅಪ್ಪ ನಕ್ಕ. ನಗಕೋತ ಧೋತರ ಕೆಳಗ ಬಿಟ್ಟ, ಪಾದ ಮುಚ್ಚಿದ್ವು. “ನಾನೂ ಹಂಗ ಅಂದಿದ್ನೆಲ್ಲವಾ” ಅಂದ.

ಯಾರೋ ಅಕ್ಕಾ, ನಿಮ್ಮ ಚೀಲಾ ಬಿದ್ದೈತಿ ಅಂದ್ರು. ಬಾಜೂಕ ಯಾರೂ ಇರಲಿಲ್ಲ. ನನ್ನ ಮಾರಿ ಹಸೀ ಆಗಿತ್ತು. ಬರದದ್ದು ನನಗ ಓದಾಕ ಬರವಲ್ದು.

ನಾಡದು ಶಾಹಬಾಜಗ ಹೇಳಿ ಜೀಪಿನ್ಯಾಗ ಹೋಗಬೇಕು ಆಡೂರಿಗೆ.

ಏಪ್ರಿಲ್ 24, ಗುರುವಾರ

ಇದನ್ನ ಹಾಸಗಿ ಮ್ಯಾಲೆ ಮಲಗಿ ಬರಿಯಾಕತ್ತೇನಿ. ಒಂದ ಕೈಗೆ ಸಲಾಯಿನ್ ಐತಿ.

ಮುಂಜಾನೆ ಆಡೂರಿಗೆ ಹೋದ್ವಿ. ಆಯಿ ಬೆರಳು ನೀಲಿ ತಿರಗಿತ್ತು. ಆಕಿ ಮುಂದ ಚಕ್ಕಳಮಕ್ಕಳ ಹಾಕಿ ಕುಂತು, ಮಿಷನ್ ತೆಗದು, ನನ್ನ ಬೆರಳಿಗೆ ಚುಚ್ಚಿಕೊಂಡೆ. ರಕ್ತ ಪಟ್ಟಿ ಮ್ಯಾಲೆ ಏರಿತು. ಆಯಿ, ಜಯಾ, ಬಾಗಲದಾಗ ಶಾಹಬಾಜ, ಎಲ್ಲಾರೂ ಆ ಸಣ್ಣ ಕಿಟಕಿಯಂಥಾ ಗಾಜಿನ ಕಡೆ ನೋಡಾಕತ್ರು.

ಅಂಕಿ ಬರಲಿಲ್ಲ. ಎರಡ ಇಂಗ್ಲಿಷ್ ಅಕ್ಷರ ಬಂದ್ವು. ಎಚ್, ಐ.

ಶಾಹಬಾಜ ಬಗ್ಗಿ ನೋಡಿ, “ನಿಮಗ ಹಾಯ್ ಅನ್ನಾಕತ್ತೈತಿ ಅಕ್ಕಾರ” ಅಂತ ನಕ್ಕ. ನನ್ನ ಮಾರಿ ನೋಡಿ ನಗು ನಿಂದ್ರಿಸಿದ. ಸಕ್ರಿ ಮಿಷನ್ನಿಗೂ ಎಣಿಸಾಕ ಬಾರದಷ್ಟ ಏರಿದ್ರ ಆ ಅಕ್ಷರ ಬರ್ತಾವ. ಟ್ರೇನಿಂಗಿನ್ಯಾಗ ಹೇಳಿದ್ರು. ಇಲ್ಲಿತನಾ ಯಾರ ಬೆರಳಿಗೂ ನಾ ನೋಡಿರಲಿಲ್ಲ.

“ಏನಂತೈತಿ?” ಅಂದ್ಲು ಆಯಿ.

“ಹಾಯ್ ಅಂತೈತಿ.”

“ಅಂದ್ರ?”

“ಆರಾಮೇನ ಅಂತ ಕೇಳಿದಂಗ.”

“ಮತ್ತ ನೀ ಏನಂತಿ?”

ಬಾಯಿ ತೆರದೆ. ಆ ಮಾತು ರೂಢಿಯಂತೆ ನಾಲಗಿ ಮ್ಯಾಲೆ ಬಂದು ನಿಂತಿತು. ನುಂಗಿದೆ. ಎಲ್ಲಾ ಒಮ್ಮೆಲೇ ನೆನಪಾತು. ತಂಬಿಗಿ ತಂಬಿಗಿ ನೀರು, ಜಾರಿದ ಬಳಿ, ಜೋಮು ಹಿಡದ ಕಾಲು, ಧೋತರದ ಕೆಳಗ ಮುಚ್ಚಿದ ಪಾದ.

“ಆರಾಮಿಲ್ಲಬೇ” ಅಂದೆ. “ನನಗ ಆರಾಮಿಲ್ಲ.”

ಅಂದ ಕೂಡಲೇ ಅಳು ಬಂತು. ಹುಡುಗರ ಹಂಗ ಅತ್ತೆ. ಆಯಿ ನನ್ನ ತಲಿ ತನ್ನ ತೊಡಿ ಮ್ಯಾಲೆ ಎಳಕೊಂಡ್ಲು. ಶಾವಿಗಿ ಹಿಟ್ಟಿನ ವಾಸನಿ ಇನ್ನೂ ಇತ್ತು ಆಕಿ ಸೀರಿಗೆ. ಮಿಷನ್ ಸುಳ್ಳ ಅಂತ ಒಗಿತಾಳೇನೋ ಅನ್ಕೊಂಡೆ. ಆಕಿ ಬ್ಯಾರೇನ ಅಂದ್ಲು.

“ಜಯಾ, ನನ್ನ ಇಳಕಲ್ ಸೀರಿ ತಾ ಇಲ್ಲಿ. ಈ ಹುಡುಗಿನ್ನ ದವಾಖಾನಿಗೆ ಕರ್ಕೊಂಡ ಹೋಗಬೇಕು. ಒಬ್ಬಾಕಿನ ಹೆಂಗ ಕಳಸೂದು?”

ಹಿಂಗ ನಾನು ಕರ್ಕೊಂಡ ಬರಬೇಕಾದಾಕಿ ನನ್ನ ಕರ್ಕೊಂಡ ಬಂದ್ಲು. ದಾರಿತುಂಬ ನನ್ನ ಕೈ ಬಿಡಲಿಲ್ಲ. ತನ್ನ ಕಾಲು ಜಯಾನ ತೊಡಿ ಮ್ಯಾಲೆ ಇಟ್ಟಿದ್ಲು. ಶಾಹಬಾಜ ಮೊದಲ ಫೋನ್ ಮಾಡಿದ್ದ, ಮೇಡಂ ದವಾಖಾನಿ ಬಾಗಲದಾಗ ಗಾಡಿ ಕುರ್ಚಿ ಹಿಡಕೊಂಡು ನಿಂತಿದ್ರು, ಒಂದ. ಯಾರು ಕುಂದ್ರಬೇಕು ಅಂತ ನಾವಿಬ್ಬರೂ ಜಗಳಾಡಿದ್ವಿ. ಶಾಹಬಾಜ ಇನ್ನೊಂದ ತಂದ.

ಸಂಜಿಕ ನಮ್ಮವ್ರ ಫೋನ್ ಬಂತು. ಎತ್ತಾಕ ಆಗಲಿಲ್ಲ. ಮೇಡಂ ತಾವ ಹೇಳತೀನಿ ಅಂದ್ರು. ಬ್ಯಾಡ್ರಿ, ನಾನ ಹೇಳಬೇಕು ಅಂದೆ. ನಾಳೆ ಸಂಜಿತನಕ ಟೈಮ್ ಕೊಟ್ಟಾರ.

ಏಪ್ರಿಲ್ 25, ಶುಕ್ರವಾರ

ಬಾಯಿ ಒಣಗಿಲ್ಲ. ಇಷ್ಟ ದಿನದ ಮ್ಯಾಲೆ ಬರೇ ಒಂದ ಗ್ಲಾಸ್ ನೀರು, ಸಾಕನಿಸ್ತು. ಕಣ್ಣಿನ ಮುಂದಿನ ಬೆಳ್ಳನ್ನ ಅಂಚು ಇನ್ನೂ ಐತಿ. ಅದು ಹೋಗಾಕ ಇನ್ನಷ್ಟ ದಿನಾ ಬೇಕಂತ. ಹೋಗತೈತಲ್ಲ ಅಂತ ಒಂದೀಟ ಕೆಟ್ಟೂ ಅನಸತೈತಿ. ಅದರಾಗ ಅಪ್ಪ ಬಂದಿದ್ದ.

ಆಯಿ ಮುಂದಿನ ವಾರ್ಡಿನ್ಯಾಗ ಅದಾಳ. ನಿನ್ನೆ ಸಂಜಿಕನ ಹೆಬ್ಬಟ್ಟು ತಗದ್ರು, ಪಾದ ಉಳೀತು. ಮಧ್ಯಾಹ್ನ ಕುರ್ಚಿ ತಳ್ಳಿಸಿಕೊಂಡು ನನ್ನ ಹಂತೇಕ ಬಂದಿದ್ಲು. ಮೇಡಂ ಇದ್ರು ಆವಾಗ. ಸಕ್ರಿ ಇಳದಾಗ ಇನ್ನ ಮುಂದ ಮಂದಿಗೆ ಏನನ್ನಬೇಕು ಅಂತ ನಾವು ಮಾತಾಡಾಕತ್ತಿದ್ವಿ. ಹತೋಟಿ ಅನ್ನೋಣೇನು, ನಿಯಂತ್ರಣ ಅನ್ನೋಣೇನು ಅಂದ್ರು ಮೇಡಂ. ಆಯಿಗೆ ಸಿಟ್ಟ ಬಂತು. “ಕಟ್ಟಿ ಹಾಕೇವಿ ಅನ್ರಿ. ಹಗ್ಗ ಬಿಟ್ರ ಮತ್ತ ಓಡತೈತಿ ಅನ್ರಿ. ಆರಾಮ ಆರಾಮ ಅಂದು ನನ್ನ ಬೆರಳ ಕಳದ್ರಿ!” ಮೇಡಂ ತಲಿ ತಗ್ಗಿಸಿ ಬರಕೊಂಡ್ರು. ನಾ ಆಯಿ ಕೈ ಹಿಡಕೊಂಡೆ. ಆಕಿ ಬಿಡಿಸಿಕೊಳ್ಳಲಿಲ್ಲ. ಶ್ರಾವಣಕ್ಕ ಶಾವಿಗಿ ಕೊಡತೇನಿ, ನೀ ಬೆಲ್ಲ ಹಾಕ್ಕೊಂಡ ತಿನ್ನೂ ಹಂಗಿಲ್ಲ ಅಂತ ನಕ್ಕಳು.

ಮೇಡಂ ಹ್ವಾದಮ್ಯಾಲೆ ಫೋನು. ನಿನ್ನೆ ಎತ್ತಿರಲಿಲ್ಲಂತ ಇವತ್ತ ಲಗೂನ ಹಚ್ಚಿದ್ರು. ಹಿಂದ ಗಿರಣಿ ಗಡಗಡ. ಯಾರೋ ನನ್ನ ಗ್ವಾವಿನಜ್ವಾಳಾ ಮೊದಲ ಹಾಕ್ರಿ ಅಂತ ಒದರಾಕತ್ತಿದ್ರು.

“ಆರಾಮೇನ?”

ಫೋನ್ ಈ ಕಿವಿಯಿಂದ ಆ ಕಿವಿಗೆ ಹಿಡಕೊಂಡೆ.

“ಸವೀ, ಆರಾಮೇನ ಅಂದೆ.”

“ಇಲ್ರಿ” ಅಂದೆ. “ಆರಾಮಿಲ್ಲ.”

ಆ ಕಡೆ ಬರೇ ಕಲ್ಲಿನ ಸಪ್ಪಳ. ಕೇಳಿಸಿಲ್ಲ, ಇನ್ನೊಮ್ಮೆ ಹೇಳಬೇಕು ಅಂತ ಉಸರ ತುಗೊಂಡೆ. ಅಷ್ಟರಾಗ ಪಟ್ಟಾ ಬಿಚ್ಚಿದ್ದು ಕೇಳಿಸ್ತು. ಗಡಗಡ ಮೆತ್ತಗಾತು, ಮತ್ತಷ್ಟ ಮೆತ್ತಗಾತು, ನಿಂತಿತು. ಹಿರೇಕೆರೂರಿನ ಗ್ವಾಡಿ ಮ್ಯಾಲಿನ ಗುಬ್ಬಿ ದನಿ ಮೊದಲನೇ ಸಲ ಕೇಳಿದೆ ಈ ಫೋನಿನ್ಯಾಗ.

“ಈಗ ಹೇಳ” ಅಂದ್ರು ನಮ್ಮವ್ರು.